ಅರಿವಳಿಕೆಯ ಅಪಾಯ ಯಾವ ಹೊತ್ತಿನಲ್ಲಿದೆ: ನಾಯಿ, ಬೆಕ್ಕು ಸಾಕಿರುವವರಿಗೆ ಒಂದು ಬಹಿರಂಗ ಪತ್ರ

ನಾಯಿ, ಬೆಕ್ಕು ಸಾಕಿರುವ ಎಲ್ಲ ಮನೆಯವರಿಗೆ,


ನಾಯಿಗೋ ಬೆಕ್ಕಿಗೋ ಪೂರ್ಣ ಅರಿವಳಿಕೆ ಕೊಟ್ಟಾಗ ನೋವಿನ ಅರಿವಷ್ಟೇ ಹೋಗುವುದಿಲ್ಲ. ಉಸಿರಾಟ ನಿಧಾನವಾಗುತ್ತದೆ, ರಕ್ತನಾಳಗಳು ಸಡಿಲಗೊಂಡು ರಕ್ತದೊತ್ತಡ ಇಳಿಯುತ್ತದೆ, ಮೈಬಿಸಿ ಕಾಯ್ದುಕೊಳ್ಳುವ ಶಕ್ತಿ ಕುಂದುತ್ತದೆ. ಗಂಟಲಿಗೆ ಬಂದ ವಾಂತಿ ಶ್ವಾಸನಾಳಕ್ಕೆ ಇಳಿಯದಂತೆ ತಡೆಯುವ ನುಂಗುವಿಕೆ, ಕೆಮ್ಮು ಎರಡೂ ನಿಲ್ಲುತ್ತವೆ. ಎಚ್ಚರವಿರುವ ಪ್ರಾಣಿ ತನಗೇ ತಿಳಿಯದಂತೆ ಮಾಡಿಕೊಳ್ಳುವ ಈ ಕೆಲಸಗಳೆಲ್ಲ ಅಷ್ಟು ಹೊತ್ತು ವೈದ್ಯರ ಮತ್ತು ಅವರ ಸಹಾಯಕರ ಹೊಣೆಯಾಗುತ್ತವೆ. ಅರಿವಳಿಕೆಯ ಅಪಾಯವೆಂದರೆ ಮುಖ್ಯವಾಗಿ ಈ ಹೊಣೆಯಲ್ಲಿ ಎಲ್ಲಾದರೂ ಲೋಪವಾಗುವ ಅಪಾಯ. ಔಷಧ ಒಗ್ಗದೆ, ಸೂಜಿ ಚುಚ್ಚಿದ ಕೂಡಲೇ ಪ್ರಾಣ ಹೋಗುವುದು ಅಪರೂಪ. ಆದರೂ ಹೆಚ್ಚಿನ ಮನೆಯವರು ಹೆದರುವುದು ಆ ಕ್ಷಣಕ್ಕೇ.

ಈ ಅಪಾಯವನ್ನು ಲೆಕ್ಕಹಾಕಿದ ಅಧ್ಯಯನಗಳಲ್ಲಿ ಬಹಳ ಪ್ರಸಿದ್ಧವಾದದ್ದು ಬ್ರಿಟನ್ನಿನದು. 2002ರಿಂದ 2004ರವರೆಗೆ ಅಲ್ಲಿನ 117 ಪಶುಚಿಕಿತ್ಸಾ ಕೇಂದ್ರಗಳಲ್ಲಿ ಅರಿವಳಿಕೆ ಅಥವಾ ಮಂಪರು ಔಷಧ ಪಡೆದ ಸುಮಾರು 98 ಸಾವಿರ ನಾಯಿಗಳನ್ನೂ 79 ಸಾವಿರ ಬೆಕ್ಕುಗಳನ್ನೂ ಮುಂದಿನ 48 ಗಂಟೆಗಳವರೆಗೆ ಗಮನಿಸಲಾಯಿತು. ಡೇವಿಡ್ ಬ್ರಾಡ್‌ಬೆಲ್ಟ್ ಮತ್ತು ಸಂಗಡಿಗರು 2008ರಲ್ಲಿ ಇದರ ಫಲಿತಾಂಶ ಪ್ರಕಟಿಸಿದರು. ನಾಯಿಗಳಲ್ಲಿ ಸುಮಾರು 600ಕ್ಕೆ ಒಂದು, ಬೆಕ್ಕುಗಳಲ್ಲಿ ಸುಮಾರು 420ಕ್ಕೆ ಒಂದು ಅರಿವಳಿಕೆಗೆ ಸಂಬಂಧಿಸಿದ ಕಾರಣಕ್ಕೆ ಸತ್ತಿತ್ತು. ಮನುಷ್ಯರ ಶಸ್ತ್ರಚಿಕಿತ್ಸೆಯಲ್ಲಿ ಈ ಪ್ರಮಾಣ ಇದಕ್ಕಿಂತ ಎಷ್ಟೋ ಕಡಿಮೆ. ಅಲ್ಲಿ ಅರಿವಳಿಕೆಗೆಂದೇ ಒಬ್ಬ ತಜ್ಞರು ರೋಗಿಯ ತಲೆಯ ಬಳಿ ಕೊನೆಯವರೆಗೂ ಕುಳಿತಿರುತ್ತಾರೆ. ಪಶು ಆಸ್ಪತ್ರೆಗಳಲ್ಲಿ ಹಲವು ಕಡೆ ಚಾಕು ಹಿಡಿದ ವೈದ್ಯರೇ ಉಸಿರಾಟದ ಮೇಲೂ ಕಣ್ಣಿಡಬೇಕಾಗುತ್ತದೆ.

ಸರಾಸರಿಗಿಂತ ಹೆಚ್ಚು ಯೋಚಿಸಬೇಕಾದದ್ದು ಅದೇ ಅಧ್ಯಯನದ ಇನ್ನೊಂದು ಲೆಕ್ಕವನ್ನು. ಆರೋಗ್ಯವಂತ ನಾಯಿಗಳನ್ನಷ್ಟೇ ತೆಗೆದುಕೊಂಡರೆ ಸಾವು ಸುಮಾರು 1,850ಕ್ಕೆ ಒಂದು. ಮೊದಲೇ ಕಾಯಿಲೆಯಿಂದ ಬಳಲುತ್ತಿದ್ದ ನಾಯಿಗಳಲ್ಲಿ ಸುಮಾರು 75ಕ್ಕೆ ಒಂದು. ಬೆಕ್ಕುಗಳಲ್ಲಿ ಸುಮಾರು 900ಕ್ಕೆ ಒಂದು ಇದ್ದದ್ದು ಕಾಯಿಲೆ ಇದ್ದಾಗ ಸುಮಾರು 70ಕ್ಕೆ ಒಂದಕ್ಕೆ ಏರಿತ್ತು. ಅರಿವಳಿಕೆಗೆ ಒಳಗಾಗುವ ಹೊತ್ತಿಗೆ ಪ್ರಾಣಿ ಎಂಥ ಸ್ಥಿತಿಯಲ್ಲಿದೆ ಎಂಬುದು ನಾಯಿಗಳಲ್ಲಿ ಅಪಾಯವನ್ನು ಇಪ್ಪತ್ತು ಪಟ್ಟಿಗೂ ಮಿಕ್ಕಿ ಬದಲಿಸಬಲ್ಲದು.

ಭಯದಿಂದ ಶಸ್ತ್ರಚಿಕಿತ್ಸೆಯನ್ನು ಮುಂದೂಡುವವರಿಗೆ ಈ ಅಂಕಿಗಳೇ ಉತ್ತರ. ಹೆಣ್ಣುನಾಯಿಯ ಸಂತಾನಹರಣ ಚಿಕಿತ್ಸೆ ಇದಕ್ಕೆ ಸ್ಪಷ್ಟ ಉದಾಹರಣೆ. ‘ಅನಸ್ತೇಶಿಯಾ ಕೊಟ್ಟರೆ ಏನಾದರೂ ಆದೀತು’ ಎಂದು ವರ್ಷಗಟ್ಟಲೆ ಬಿಟ್ಟ ನಾಯಿಗಳಲ್ಲಿ ಹಲವಕ್ಕೆ ನಡುವಯಸ್ಸು ದಾಟಿದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುತ್ತದೆ. ಪಯೋಮೆಟ್ರಾ ಎಂದು ಕರೆಯುವ ಈ ಕಾಯಿಲೆ, ಸಾಕುಪ್ರಾಣಿ ವಿಮೆಯ ದಾಖಲೆಗಳನ್ನು ಆಧರಿಸಿದ ಸ್ವೀಡನ್ನಿನ ಅಧ್ಯಯನದ ಪ್ರಕಾರ, ಹತ್ತು ವರ್ಷ ತುಂಬುವುದರೊಳಗೆ ಸುಮಾರು ನಾಲ್ಕರಲ್ಲಿ ಒಂದು ಹೆಣ್ಣುನಾಯಿಗೆ ಬರುತ್ತದೆ. ಆಗ ಜ್ವರ, ನಿರ್ಜಲೀಕರಣ, ಮೂತ್ರಪಿಂಡದ ತೊಂದರೆ, ರಕ್ತಕ್ಕೆ ಸೇರಿದ ನಂಜು ಎಲ್ಲವೂ ಒಟ್ಟಿಗೆ ಇರುವಾಗ ಅದೇ ಗರ್ಭಕೋಶವನ್ನು ತುರ್ತಾಗಿ ತೆಗೆಯಬೇಕಾಗುತ್ತದೆ. ಅರಿವಳಿಕೆ ತಪ್ಪಲಿಲ್ಲ, 1,850ಕ್ಕೆ ಒಂದರ ಸಾಲಿನಲ್ಲಿದ್ದ ನಾಯಿ 75ಕ್ಕೆ ಒಂದರ ಸಾಲಿಗೆ ಬಂತು, ಅಷ್ಟೇ. ಕೊಳೆತ ಹಲ್ಲು, ನಿಧಾನವಾಗಿ ಬೆಳೆಯುವ ಗೆಡ್ಡೆ, ಬೆಕ್ಕಿನ ಮೂತ್ರದ್ವಾರದ ಅಡಚಣೆ, ಇವುಗಳ ಕಥೆಯೂ ಬೇರೆಯಲ್ಲ.

ಹಾಗಾಗಿ ಸುರಕ್ಷತೆಯ ಕೆಲಸ ಶುರುವಾಗುವುದು ಶಸ್ತ್ರಚಿಕಿತ್ಸೆಯ ದಿನಕ್ಕಿಂತ ಮೊದಲು. ಸ್ಟೆತಸ್ಕೋಪಿನಿಂದ ಎದೆ ಕೇಳುವುದು, ವಸಡಿನ ಬಣ್ಣ ನೋಡುವುದು, ತೂಕ ಅಳೆಯುವುದು ಇವು ಎಲ್ಲ ಪ್ರಾಣಿಗೂ ಆಗಲೇಬೇಕು. ತೂಕವನ್ನು ಕಣ್ಣಂದಾಜಿನಲ್ಲಿ ಹಾಕುವುದು ಎರಡು ಕಿಲೋ ಇರುವ ಬೆಕ್ಕಿನ ವಿಷಯದಲ್ಲಿ ದೊಡ್ಡ ತಪ್ಪಾಗುತ್ತದೆ. ಅರ್ಧ ಕಿಲೋ ವ್ಯತ್ಯಾಸವೆಂದರೆ ಔಷಧದ ಪ್ರಮಾಣದಲ್ಲಿ ಕಾಲು ಭಾಗದ ವ್ಯತ್ಯಾಸ. ರಕ್ತಪರೀಕ್ಷೆಯನ್ನು ಹಣ ಕೀಳುವ ದಾರಿ ಎಂದು ಅನುಮಾನಿಸುವವರಿದ್ದಾರೆ. ನಮ್ಮ ಊರುಗಳ ಮಟ್ಟಿಗೆ ಅದು ತಪ್ಪು ಅನುಮಾನ. ಉಣ್ಣೆಗಳಿಂದ ಹರಡುವ ಎರ್ಲಿಕಿಯಾ, ಬಬೇಸಿಯಾ ಸೋಂಕುಗಳು, ಜನ ‘ಟಿಕ್ ಫೀವರ್’ ಎನ್ನುವ ಕಾಯಿಲೆ, ಕರ್ನಾಟಕದ ನಾಯಿಗಳಲ್ಲಿ ಸಾಮಾನ್ಯ. ಹೊರಗೆ ಚೆನ್ನಾಗಿ ಉಂಡು ಓಡಾಡುತ್ತಿರುವ ನಾಯಿಯ ರಕ್ತದಲ್ಲೂ ಪ್ಲೇಟ್‌ಲೆಟ್ ತೀರಾ ಕುಸಿದಿರಬಹುದು, ರಕ್ತಹೀನತೆ ಇರಬಹುದು. ಅಂಥ ನಾಯಿಯ ಹೊಟ್ಟೆ ಕೊಯ್ದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಅರಿವಳಿಕೆಯಲ್ಲಿ ಇಳಿದ ರಕ್ತದೊತ್ತಡ ಇನ್ನಷ್ಟು ಇಳಿಯುತ್ತದೆ. ಪರೀಕ್ಷೆಯಲ್ಲಿ ಇದು ಗೊತ್ತಾದರೆ ತುರ್ತಲ್ಲದ ಶಸ್ತ್ರಚಿಕಿತ್ಸೆಯನ್ನು ಮುಂದಕ್ಕೆ ಹಾಕಿ ಮೊದಲು ಸೋಂಕಿಗೆ ಮದ್ದು ಮಾಡಬಹುದು. ಭಯದಿಂದ ಮುಂದೂಡುವುದು ಬೇರೆ, ಕಾರಣ ತಿಳಿದು ಮುಂದೂಡುವುದು ಬೇರೆ.

ಬೆಕ್ಕಿನ ಹೃದಯ ಇನ್ನೊಂದು ಬಗೆಯಲ್ಲಿ ಮೋಸ ಮಾಡುತ್ತದೆ. ಹೃದಯದ ಗೋಡೆ ದಪ್ಪವಾಗುವ ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪತಿ ಬೆಕ್ಕುಗಳಲ್ಲಿ ಬಹಳ ಕಾಣುವ ಹೃದ್ರೋಗ. ಅದಿದ್ದರೂ ಎಷ್ಟೋ ಬೆಕ್ಕುಗಳು ಯಾವ ಲಕ್ಷಣವನ್ನೂ ತೋರುವುದಿಲ್ಲ. ಎದೆಯ ಸದ್ದಿನಲ್ಲೂ ಕೆಲವೊಮ್ಮೆ ಸುಳಿವಿರುವುದಿಲ್ಲ. ಬಾಯಿ ತೆರೆದು ಉಸಿರಾಡಿದ್ದು, ಆಟವಾಡಿ ಬೇಗ ದಣಿದದ್ದು ಇಂಥ ಸಣ್ಣ ಸಂಗತಿಯನ್ನು ಮನೆಯವರೇ ಹೇಳಬೇಕು. ಅನುಮಾನವಿದ್ದರೆ ಹೃದಯದ ಸ್ಕ್ಯಾನ್ ಮಾಡಿಸಿ, ಹೃದಯಬಡಿತವನ್ನು ಏರಿಸುವ ಕೆಟಮಿನ್‌ನಂಥ ಔಷಧವನ್ನು ಬಿಟ್ಟು ಬೇರೆಯದನ್ನು ಆರಿಸಲು ವೈದ್ಯರಿಗೆ ಅವಕಾಶವಾಗುತ್ತದೆ.

ಉಪವಾಸದ ಬಗ್ಗೆ ಹಳೆಯ ರೂಢಿ ‘ಹಿಂದಿನ ರಾತ್ರಿಯಿಂದ ಏನೂ ಕೊಡಬೇಡಿ’ ಎಂಬುದು. ಅಮೆರಿಕನ್ ಅನಿಮಲ್ ಹಾಸ್ಪಿಟಲ್ ಅಸೋಸಿಯೇಷನ್ 2020ರಲ್ಲಿ ಹೊರತಂದ ಮಾರ್ಗಸೂಚಿ ಆರೋಗ್ಯವಂತ ವಯಸ್ಕ ನಾಯಿ, ಬೆಕ್ಕುಗಳಿಗೆ 4ರಿಂದ 6 ಗಂಟೆಗಳ ಉಪವಾಸ ಸಾಕೆನ್ನುತ್ತದೆ, ನೀರನ್ನು ತಡೆಯಬೇಕಾಗಿಲ್ಲ. ಎಂಟು ವಾರ ತುಂಬದ ಅಥವಾ ಎರಡು ಕಿಲೋಗಿಂತ ಕಡಿಮೆ ತೂಗುವ ಮರಿಗಳಿಗೆ ಒಂದೆರಡು ಗಂಟೆಗಿಂತ ಹೆಚ್ಚು ಉಪವಾಸ ಹಾಕಿದರೆ ರಕ್ತದಲ್ಲಿ ಸಕ್ಕರೆ ಇಳಿದು ಅದೇ ಅಪಾಯವಾಗುತ್ತದೆ. ಸಕ್ಕರೆ ಕಾಯಿಲೆ ಇರುವ, ತಿಂದದ್ದನ್ನು ಪದೇಪದೇ ಕಕ್ಕುವ ಪ್ರಾಣಿಗಳಿಗೆ ಲೆಕ್ಕ ಬೇರೆ. ಕೊನೆಗೆ ಪಾಲಿಸಬೇಕಾದದ್ದು ಆ ಪ್ರಾಣಿಗೆ ಅದರ ವೈದ್ಯರು ಹೇಳಿದ ಗಂಟೆಯನ್ನು. ಇದರಲ್ಲಿ ಮನೆಯವರ ಪ್ರಾಮಾಣಿಕತೆಯೇ ಪ್ರಾಣ ಉಳಿಸುವ ಸಂಗತಿ. ಬೆಳಿಗ್ಗೆ ಅಜ್ಜಿ ಕನಿಕರದಿಂದ ಒಂದು ತುತ್ತು ಮೊಸರನ್ನ ಹಾಕಿರುತ್ತಾರೆ, ಮಕ್ಕಳು ಬಿಸ್ಕತ್ತು ಕೊಟ್ಟಿರುತ್ತಾರೆ. ಬೈಸಿಕೊಳ್ಳುವ ಭಯದಿಂದ ಆಸ್ಪತ್ರೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಆ ಅನ್ನ ಅರಿವಳಿಕೆಯಲ್ಲಿ ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿದರೆ ಆಗುವ ನ್ಯುಮೋನಿಯಾ ಶಸ್ತ್ರಚಿಕಿತ್ಸೆಗಿಂತ ದೊಡ್ಡ ಕಾಯಿಲೆ. ಹೇಳಿದರೆ ಆಗುವ ನಷ್ಟ ಹೆಚ್ಚೆಂದರೆ ಒಂದು ದಿನದ್ದು. ಮೂರ್ಛೆರೋಗಕ್ಕೆ ಕೊಡುವ ಗಾರ್ಡಿನಾಲ್, ತುರಿಕೆಗೆ ಕೊಡುವ ಸ್ಟೀರಾಯ್ಡ್, ಯಾರೋ ಹೇಳಿದ್ದಕ್ಕೆ ಕೊಟ್ಟ ನಾಟಿ ಔಷಧ, ಇವುಗಳ ಹೆಸರನ್ನೂ ಹಾಗೆಯೇ ಹೇಳಬೇಕು.

ತಳಿಯೂ ದೇಹದ ಆಕಾರವೂ ಅಪಾಯವನ್ನು ಬದಲಿಸುತ್ತವೆ. ಪಗ್, ಬುಲ್‌ಡಾಗ್, ಶಿಟ್ಜು, ಪರ್ಷಿಯನ್ ಬೆಕ್ಕು ಮುಂತಾದ ಚಪ್ಪಟೆ ಮುಖದ ಪ್ರಾಣಿಗಳು ಅಪಾಯ ಹೆಚ್ಚಿರುವವುಗಳಲ್ಲಿ ಮೊದಲು ಬರುತ್ತವೆ. ಕಿರಿದಾದ ಮೂಗಿನ ಹೊಳ್ಳೆ, ಗಂಟಲಿಗೆ ಜೋಲುವ ಉದ್ದನೆಯ ಮೃದು ಅಂಗುಳ, ಕೆಲವು ತಳಿಗಳಲ್ಲಿ ಸಣ್ಣದಾದ ಶ್ವಾಸನಾಳ, ಇಷ್ಟರ ನಡುವೆ ಅವು ಎಚ್ಚರವಿದ್ದಾಗಲೂ ಕಷ್ಟಪಟ್ಟೇ ಉಸಿರಾಡುತ್ತವೆ. ಮನೆಯವರಿಗೆ ಮುದ್ದಾಗಿ ಕೇಳುವ ಗೊರಕೆ ಆ ಕಷ್ಟದ ಸದ್ದು. ಅರಿವಳಿಕೆಯಲ್ಲಿ ಶ್ವಾಸನಾಳಕ್ಕೆ ಇಳಿಸಿದ ಕೊಳವೆ ಇರುವವರೆಗೆ ಉಸಿರಾಟ ಸುಗಮ. ಕೊಳವೆ ತೆಗೆದ ಮೇಲೆ, ಅರೆ ಎಚ್ಚರದಲ್ಲಿ, ಗಂಟಲಿನ ಸ್ನಾಯು ಸಡಿಲವಾಗಿ ದಾರಿ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಇವುಗಳ ಕೊಳವೆಯನ್ನು ಪೂರ್ತಿ ಎಚ್ಚರವಾಗಿ, ತಲೆ ಎತ್ತಿ, ಕೊಳವೆಯನ್ನು ತಾನೇ ಸಹಿಸದಂತಾಗುವವರೆಗೆ ತೆಗೆಯುವುದಿಲ್ಲ.

ಕೋಲಿ ತಳಿಯ ನಾಯಿಗಳಲ್ಲಿ 2001ರಲ್ಲಿ ಗುರುತಿಸಲಾದ ಎಂಡಿಆರ್‌–1 ಎಂಬ ವಂಶವಾಹಿಯ ದೋಷವಿದ್ದರೆ ಕೆಲವು ಮಂಪರು ಔಷಧಗಳು ಮಿದುಳಿನಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ. ಬಾಕ್ಸರ್ ನಾಯಿಗಳಿಗೆ ಎಸಿಪ್ರೊಮಜಿನ್ ಎಂಬ ಮಂಪರು ಔಷಧ ಕೊಡುವಾಗ ವೈದ್ಯರು ಪ್ರಮಾಣ ತಗ್ಗಿಸುತ್ತಾರೆ ಅಥವಾ ಅದನ್ನು ಬಿಡುತ್ತಾರೆ. ಗ್ರೇಹೌಂಡ್‌ಗಳು ಥಯೊಪೆಂಟಾಲ್‌ನಂಥ ಹಳೆಯ ಬಾರ್ಬಿಚುರೇಟ್ ಔಷಧದಿಂದ ಎಚ್ಚರವಾಗಲು ಬಹಳ ಹೊತ್ತು ತೆಗೆದುಕೊಳ್ಳುತ್ತವೆ; ಅವುಗಳ ಯಕೃತ್ತು ಅದನ್ನು ನಿಧಾನವಾಗಿ ಅರಗಿಸುತ್ತದೆ, ಮೈಯಲ್ಲಿ ಕೊಬ್ಬೂ ಕಡಿಮೆ. ಬಾಗಲಕೋಟೆ ಜಿಲ್ಲೆಯ ನಮ್ಮ ಮುಧೋಳ ನಾಯಿಯೂ ಅಂಥದೇ ತೆಳುಮೈಯ, ಓಟದ ತಳಿ. ಇಂಥ ದೇಹ ಬೇಗ ತಣ್ಣಗಾಗುತ್ತದೆ. ಮುಧೋಳ ಸಾಕಿದವರು ತಳಿಯ ಹೆಸರನ್ನು ಅಭಿಮಾನದಿಂದ ಹೇಳುವಂತೆಯೇ ಈ ಕಾರಣಕ್ಕೂ ವೈದ್ಯರಿಗೆ ತಪ್ಪದೆ ಹೇಳಬೇಕು.

ಔಷಧಗಳ ವಿಷಯದಲ್ಲಿ ಒಂದನ್ನು ಸುರಕ್ಷಿತ, ಇನ್ನೊಂದನ್ನು ಮಾರಕ ಎಂದು ಬೇರ್ಪಡಿಸಲಾಗದು. ಪ್ರೊಪೊಫಾಲ್ ನಿಧಾನವಾಗಿ ಕೊಟ್ಟರೆ ಒಳ್ಳೆಯದು, ಒಮ್ಮೆಲೇ ತಳ್ಳಿದರೆ ಉಸಿರು ನಿಲ್ಲಿಸುತ್ತದೆ. ಐಸೊಫ್ಲೂರೇನ್ ಅನಿಲದಿಂದ ಅರಿವಳಿಕೆಯ ಆಳವನ್ನು ಬೇಕಾದಂತೆ ಏರಿಸಿ ಇಳಿಸಬಹುದು, ಆದರೆ ಹೆಚ್ಚಾದರೆ ರಕ್ತದೊತ್ತಡ ಕೆಡವುತ್ತದೆ. ಭಾರತದಲ್ಲಿ ಝೈಲಜಿನ್ ಮತ್ತು ಕೆಟಮಿನ್ ಜೋಡಿ ಬಹಳ ಬಳಕೆಯಲ್ಲಿದೆ. ಅದಕ್ಕೆ ಯಂತ್ರ ಬೇಡ, ಖರ್ಚೂ ಕಡಿಮೆ. ಝೈಲಜಿನ್ ವಾಂತಿ ಬರಿಸುತ್ತದೆ, ಹೃದಯಬಡಿತವನ್ನು ತೀರಾ ನಿಧಾನಗೊಳಿಸಬಲ್ಲದು. 1990ರಲ್ಲಿ ಪ್ರಕಟವಾದ ಇನ್ನೊಂದು ಬ್ರಿಟಿಷ್ ಅಧ್ಯಯನದಲ್ಲಿ ಇದರ ಬಳಕೆಯ ಜೊತೆಗೆ ಹೆಚ್ಚಿನ ಸಾವು ಕಂಡುಬಂದಿತ್ತು. ಅದನ್ನು ಬಳಸುವಲ್ಲಿ ಆಮ್ಲಜನಕ, ಕೊಳವೆ, ಝೈಲಜಿನ್‌ನ ಪರಿಣಾಮ ಇಳಿಸುವ ಪ್ರತಿಮದ್ದು ಕೈಗೆಟಕುವಂತೆ ಇರಬೇಕು. ‘ಬರೀ ಮಂಪರು’ ಎಂಬ ಮಾತೂ ಸಮಾಧಾನ ಕೊಡುವಂಥದ್ದಲ್ಲ. ಎಕ್ಸ್‌ರೇಗೋ ಕೂದಲು ಕತ್ತರಿಸುವುದಕ್ಕೋ ಕೊಡುವ ಮಂಪರಿನಲ್ಲಿ ಉಸಿರಿನ ದಾರಿಗೆ ಕೊಳವೆ ಇರುವುದಿಲ್ಲ, ಹೆಚ್ಚಾಗಿ ಯಾರೂ ಉಸಿರು, ನಾಡಿ ಅಳೆಯುತ್ತಲೂ ಇರುವುದಿಲ್ಲ. ಗ್ರೂಮಿಂಗ್ ಅಂಗಡಿಯಲ್ಲಿ ಯಾರಾದರೂ ಮಂಪರು ಮದ್ದು ಕೊಡುತ್ತೇವೆ ಎಂದರೆ ಒಪ್ಪಬಾರದು. 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯ್ದೆಯಡಿ ಪಶುವೈದ್ಯ ವೃತ್ತಿ ನಡೆಸುವ ಹಕ್ಕು ನೋಂದಾಯಿತ ವೈದ್ಯರದು.

ಶಸ್ತ್ರಚಿಕಿತ್ಸೆ ನಡೆಯುವಾಗ ಔಷಧಕ್ಕಿಂತ ಮುಖ್ಯವಾದದ್ದು ನಿಗಾ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಪಲ್ಸ್ ಆಕ್ಸಿಮೀಟರಿನ ಬಗೆಯದನ್ನೇ ಇಲ್ಲಿ ಪ್ರಾಣಿಯ ನಾಲಿಗೆಗೆ ಹಾಕುತ್ತಾರೆ. ಬ್ರಿಟನ್ನಿನ ಆ ದೊಡ್ಡ ಅಧ್ಯಯನದಲ್ಲಿ ಬೆಕ್ಕುಗಳ ನಾಡಿಯನ್ನೂ ಆಕ್ಸಿಮೀಟರನ್ನೂ ನೋಡುತ್ತಿದ್ದ ಕಡೆ ಸಾವು ಕಡಿಮೆ ಇತ್ತು. ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಕ್ಯಾಪ್ನೊಗ್ರಾಫ್, ರಕ್ತದೊತ್ತಡ ಮಾಪಕ, ಇಸಿಜಿ ಇದ್ದರೆ ಇನ್ನೂ ಒಳ್ಳೆಯದು. ಆದರೆ ಯಂತ್ರದ ಮುಂದೆ ಒಬ್ಬ ತರಬೇತಾದ ಮನುಷ್ಯ ಇರಬೇಕು, ಆ ಹೊತ್ತಿನಲ್ಲಿ ಅವರಿಗೆ ಬೇರೆ ಕೆಲಸ ಇರಬಾರದು. ಅರಿವಳಿಕೆ ಯಂತ್ರದಲ್ಲಿ ಒತ್ತಡ ಹೊರಬಿಡುವ ಕವಾಟ ಮರೆವಿನಿಂದ ಮುಚ್ಚಿಯೇ ಉಳಿದರೆ ಕೆಲವೇ ನಿಮಿಷಗಳಲ್ಲಿ ಆರೋಗ್ಯವಂತ ಪ್ರಾಣಿಯೂ ಸಾಯುತ್ತದೆ. ಅದನ್ನು ಮೊದಲು ಗಮನಿಸುವುದು ಪಕ್ಕದಲ್ಲಿರುವ ಕಣ್ಣು.

ಅದೇ ಅಧ್ಯಯನದಲ್ಲಿ ಬೆಕ್ಕುಗಳಿಗೆ ಶ್ವಾಸನಾಳದ ಕೊಳವೆ ಹಾಕಿದ್ದು, ಡ್ರಿಪ್ ಕೊಟ್ಟದ್ದು ಎರಡೂ ಹೆಚ್ಚಿನ ಸಾವಿನ ಜೊತೆ ಕಂಡುಬಂದವು. ಇದನ್ನು ಓದಿ ಅವೆರಡೂ ಬೇಡ ಎಂದುಕೊಳ್ಳುವುದು ತಪ್ಪು. ಬೆಕ್ಕಿನ ಗಂಟಲು ತುಂಬ ಸೂಕ್ಷ್ಮ. ಒರಟಾಗಿ ಮುಟ್ಟಿದರೆ ಸೆಟೆದು ಮುಚ್ಚಿಕೊಳ್ಳುತ್ತದೆ, ಕೊಳವೆಯ ತುದಿಯ ಬಲೂನನ್ನು ಅತಿಯಾಗಿ ಊದಿದರೆ ಶ್ವಾಸನಾಳ ಹರಿಯುತ್ತದೆ. ಗಂಟಲಿಗೆ ಮರಗಟ್ಟಿಸುವ ಲಿಗ್ನೊಕೇನ್ ಹನಿಸಿ, ಒಂದು ಕ್ಷಣ ಕಾದು, ಮೆಲ್ಲಗೆ ಇಳಿಸಿದ ಕೊಳವೆ ಅಪಾಯವನ್ನು ತಗ್ಗಿಸುತ್ತದೆ. ಡ್ರಿಪ್ಪೂ ಹಾಗೆಯೇ, ನಾಯಿಗೆ ಸರಿಹೋಗುವ ವೇಗ ಬೆಕ್ಕಿಗೆ ಹೆಚ್ಚಾಗಿ, ಗುಪ್ತ ಹೃದ್ರೋಗವಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು.

ಇನ್ನು ಈ ಪತ್ರದ ಮುಖ್ಯ ವಿಷಯ. ಬ್ರಿಟನ್ನಿನ ಲೆಕ್ಕದಲ್ಲಿ ಸತ್ತ ನಾಯಿಗಳಲ್ಲಿ ಶೇ 47ರಷ್ಟು, ಬೆಕ್ಕುಗಳಲ್ಲಿ ಶೇ 61ರಷ್ಟು ಸತ್ತದ್ದು ಶಸ್ತ್ರಚಿಕಿತ್ಸೆ ಮುಗಿದ ಮೇಲೆ. ಅದರಲ್ಲೂ ಬಹುಪಾಲು ಮೊದಲ ಮೂರು ಗಂಟೆಗಳೊಳಗೆ. ಹೊಲಿಗೆ ಹಾಕಿ ಆಯಿತು, ‘ಆಪರೇಷನ್ ಚೆನ್ನಾಗಿ ಆಯ್ತು’ ಎಂದು ಮನೆಗೆ ಫೋನು ಹೋಯಿತು, ವೈದ್ಯರು ಮುಂದಿನ ಪ್ರಾಣಿಯ ಕಡೆ ತಿರುಗಿದರು. ಆಗ ಪಂಜರದಲ್ಲಿ ಮಲಗಿರುವ ನಾಯಿ ಅರಿವಳಿಕೆಯಿಂದ ಇನ್ನೂ ಹೊರಬಂದಿರುವುದಿಲ್ಲ. ಆಮ್ಲಜನಕ ನಿಂತಿದೆ, ಕೊಳವೆ ತೆಗೆದಿದೆ, ಆಕ್ಸಿಮೀಟರ್ ಬಿಚ್ಚಿದೆ, ಔಷಧ ಮಾತ್ರ ರಕ್ತದಲ್ಲಿ ಉಳಿದಿದೆ. ಕೂದಲು ಬೋಳಿಸಿ ಸ್ಪಿರಿಟ್ ಒರೆಸಿದ ಹೊಟ್ಟೆ, ಸ್ಟೀಲಿನ ಮೇಜು, ತಣ್ಣನೆಯ ಅನಿಲ ಎಲ್ಲ ಸೇರಿ ಮೈ ತಂಪಾಗಿರುತ್ತದೆ. ತಣ್ಣಗಾದ ದೇಹ ಔಷಧವನ್ನು ನಿಧಾನವಾಗಿ ಕಳೆದುಕೊಳ್ಳುತ್ತದೆ, ಎಚ್ಚರ ಇನ್ನಷ್ಟು ತಡವಾಗುತ್ತದೆ. ಒಳಗೆ ಎಲ್ಲಾದರೂ ರಕ್ತ ಜಿನುಗುತ್ತಿದ್ದರೆ ಅದು ಹೊರಗೆ ಕಾಣುವುದಿಲ್ಲ. ಈ ಮೂರು ಗಂಟೆಗಳಲ್ಲಿ ಪಕ್ಕದಲ್ಲಿ ಒಬ್ಬರಿದ್ದು ಉಸಿರು ಎಣಿಸಿ, ವಸಡು ನೋಡಿ, ಮೈಬಿಸಿ ಅಳೆಯುತ್ತಿದ್ದರೆ ಉಳಿಸಬಹುದಾದ ಎಷ್ಟೋ ಪ್ರಾಣಿಗಳು ಯಾರೂ ನೋಡದ ಕಾರಣಕ್ಕೆ ಸಾಯುತ್ತವೆ. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಥರ್ಮಾಮೀಟರು, ಕಂಬಳಿ, ಗಡಿಯಾರ, ಒಬ್ಬ ಮನುಷ್ಯ ಸಾಕು.

ಮನೆಯವರು ಅವಸರ ಮಾಡಿದರೂ ಇದೇ ಹೊತ್ತು ಹಾಳಾಗುತ್ತದೆ. ಸಂಜೆ ಟ್ರಾಫಿಕ್ ಹೆಚ್ಚುವ ಮುಂಚೆ ಹೊರಡಬೇಕೆಂದು, ನಿಲ್ಲಲೂ ಆಗದ ನಾಯಿಯನ್ನು ಆಟೋದಲ್ಲಿ ಮಡಿಲಿಗೆ ಹಾಕಿಕೊಂಡು ಹೋಗುವವರಿದ್ದಾರೆ. ಕರೆದರೆ ತಲೆ ಎತ್ತಿ, ತಾನೇ ಕುಳಿತು, ಕೆಲವು ಹೆಜ್ಜೆ ನಡೆಯುವವರೆಗೆ ಆಸ್ಪತ್ರೆಯಲ್ಲೇ ಇರಲಿ. ಮನೆಯಲ್ಲಿ ಆ ರಾತ್ರಿ ಮೆಟ್ಟಿಲು, ಟೆರೇಸು, ನೀರಿನ ಸಂಪು, ಬೇರೆ ನಾಯಿಗಳಿಂದ ದೂರ ಬೆಚ್ಚಗಿನ ಮೂಲೆಯಲ್ಲಿ ಮಲಗಿಸಬೇಕು. ಬಿಸಿನೀರಿನ ಚೀಲವನ್ನು ನೇರವಾಗಿ ಮೈಗೆ ಒತ್ತಿದರೆ ಮಂಪರಿನಲ್ಲಿರುವ ಪ್ರಾಣಿಗೆ ಸುಟ್ಟದ್ದು ತಿಳಿಯುವುದಿಲ್ಲ. ನುಂಗುವುದು ಸರಿಯಾದ ಮೇಲೆ ಸ್ವಲ್ಪ ನೀರು, ಸ್ವಲ್ಪ ಊಟ. ವಸಡು ಬಿಳುಚಿದರೆ ಅಥವಾ ನೀಲಿಯಾದರೆ, ಕಪ್ಪು ವಸಡಿನ ನಾಯಿಯಾದರೆ ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳುಚಿದರೆ, ಉಸಿರಾಟ ಕಷ್ಟವಾದರೆ, ಎಬ್ಬಿಸಿದರೂ ಏಳದಿದ್ದರೆ ಬೆಳಗಾಗುವವರೆಗೆ ಕಾಯಬಾರದು. ಮುಂದಿನ ದಿನಗಳಲ್ಲಿ ಕೆಮ್ಮು, ಜ್ವರ ಬಂದರೂ ತೋರಿಸಬೇಕು. ನೋವಿಗೆ ಮನೆಯ ಡಬ್ಬಿಯ ಮಾತ್ರೆ ಬೇಡ. ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ. ಡೈಕ್ಲೊಫೆನಾಕ್, ಐಬುಪ್ರೊಫೇನ್ ನಾಯಿಯ ಹೊಟ್ಟೆ, ಮೂತ್ರಪಿಂಡಗಳನ್ನು ಕೆಡಿಸುತ್ತವೆ.

ಬೀದಿನಾಯಿಗಳನ್ನು ಸಂತಾನಹರಣ ಶಿಬಿರಕ್ಕೆ ಒಯ್ಯುವವರಿಗೂ ಒಂದು ಮಾತು. 2001ರ ನಿಯಮಗಳ ಬದಲಿಗೆ ಬಂದ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಡಿ ನಡೆಯುವ ಈ ಕೆಲಸದಲ್ಲಿ ನಾಯಿಯ ಹಿಂದಿನ ಕಾಯಿಲೆ, ಯಾವಾಗ ಉಂಡಿದೆ ಎಂಬುದು ಶಿಬಿರದವರಿಗೆ ಗೊತ್ತಿರುವುದಿಲ್ಲ. ಅದಕ್ಕೆ ದಿನಾ ಅನ್ನ ಹಾಕುವವರು ಕೊನೆಯ ಊಟದ ಹೊತ್ತು, ಇತ್ತೀಚಿನ ಮಂಕು, ಹಾಲೂಡಿಸುತ್ತಿರುವ ಮರಿಗಳ ವಿಷಯ ತಿಳಿಸಿದರೆ ಅದೇ ಆ ನಾಯಿಗೆ ಸಿಗುವ ದೊಡ್ಡ ರಕ್ಷಣೆ.

ಎಲ್ಲ ಮನೆಯವರಲ್ಲಿ ಪ್ರಾರ್ಥನೆ ಇಷ್ಟು. ಒಪ್ಪಿಗೆ ಪತ್ರಕ್ಕೆ ಓದದೆ ಸಹಿ ಹಾಕಬೇಡಿ. ಪರೀಕ್ಷೆ ಯಾವುದು, ಔಷಧ ಯಾವುದು, ಆಮ್ಲಜನಕವೂ ಕೊಳವೆಯೂ ಇವೆಯೇ, ನಿಗಾ ಯಾರದು ಎಂದು ವಿನಯದಿಂದ ಕೇಳಿ. ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ದರ ಬಹಳ ಕಡಿಮೆ ಇದ್ದರೆ ಅದರಲ್ಲಿ ಏನನ್ನು ಬಿಡಲಾಗಿದೆ ಎಂದು ತಿಳಿದುಕೊಳ್ಳಿ, ನಿಗಾಕ್ಕೆ ಹಣ ಕೇಳಿದರೆ ಚೌಕಾಸಿ ಮಾಡಬೇಡಿ. ಬೇಕಾದ ಶಸ್ತ್ರಚಿಕಿತ್ಸೆಯನ್ನು ಹೆದರಿ ತಪ್ಪಿಸಬೇಡಿ. ಇಷ್ಟರಲ್ಲಿ ಒಂದೇ ಪ್ರಶ್ನೆ ಕೇಳಲು ಸಾಧ್ಯವಾದರೆ ಇದನ್ನು ಕೇಳಿ: ಹೊಲಿಗೆ ಮುಗಿದ ಮೇಲೆ ಮೊದಲ ಮೂರು ಗಂಟೆ ನಮ್ಮ ನಾಯಿಯ ಪಕ್ಕ, ನಮ್ಮ ಬೆಕ್ಕಿನ ಪಕ್ಕ ಯಾರು ಇರುತ್ತಾರೆ? ಉತ್ತರ ಸ್ಪಷ್ಟವಾಗಿ ಸಿಗದಿದ್ದರೆ, ಅಲ್ಲಿ ಕುಳಿತು ನೋಡಿಕೊಳ್ಳಲು ನಿಮಗೇ ಅನುಮತಿ ಕೇಳಿ.

ಇಂತಿ,
ವಿಶ್ವಾಸಪೂರ್ವಕವಾಗಿ,
ಸಾಕುಪ್ರಾಣಿಗಳ ಹಿತ ಬಯಸುವ ಒಬ್ಬ ಬರಹಗಾರ